ಬಿಗ್ ಕ್ಯಾಟ್ ಆಟಿಕೆ ಸೆಟ್ ರಿವ್ಯೂ: ಹುಲಿಗೆ ಐದು ಸ್ಟಾರ್, ಜೊತೆಗೆ ಬಂದ ಚಾರ್ಟಿಗೆ ಒಂದೂ ಜಾಸ್ತಿನೇ

ಮೊದ್ಲೇ ಹೇಳ್ಬಿಡ್ತೀನಿ, ಗೊಂಬೆಗಳು ಚೆನ್ನಾಗಿವೆ, ತಗೋಬಹುದು, ಆದ್ರೆ ಡಬ್ಬದೊಳಗೆ ಮಡಚಿಟ್ಟಿರೋ ಚಾರ್ಟ್ ಇದ್ಯಲ್ಲ, ಅದನ್ನ ಮಾತ್ರ ಮಕ್ಕಳ ರೂಮಿನ ಗೋಡೆಗೆ ಅಂಟಿಸೋಕೆ ಹೋಗ್ಬೇಡಿ. ಅಣ್ಣನ ಮಗನಿಗೆ ಹುಲಿ ಅಂದ್ರೆ ಪ್ರಾಣ. ಹುಣಸೂರು ಕಡೆಯೋರು ನಾವು, ನಾಗರಹೊಳೆ ಪಕ್ಕದಲ್ಲೇ ಇದೆ, ಅಲ್ಲಿ ಹುಲಿ ಕಾಣಿಸ್ತಂತೆ ಇಲ್ಲಿ ಹಸು ಹಿಡೀತಂತೆ ಅನ್ನೋದು ಟೀ ಅಂಗಡೀಲಿ ದಿನಾ ನಡಿಯೋ ಮಾತು, ಹಂಗಾಗಿ ಅವನ ಹುಟ್ಟುಹಬ್ಬಕ್ಕೆ ಇದನ್ನೇ ಕೊಡೋಣ ಅಂತ ಆರ್ಡರ್ ಮಾಡಿದ್ದು. ಬ್ರಾಂಡ್ ಹೆಸರು ಬರೀತಿಲ್ಲ, ಯಾಕಂದ್ರೆ ಇದೇ ಮೋಲ್ಡು ಇದೇ ಚಾರ್ಟು ಬೇರೆ ಬೇರೆ ಹೆಸರಲ್ಲಿ ಆನ್‌ಲೈನಲ್ಲಿ ಸಿಗ್ತಿದೆ. ಡಬ್ಬದ ಮೇಲೆ ಹುಲಿ ಸಿಂಹ ಎದುರುಬದುರು ಬಾಯಿ ತೆಗೆದು ನಿಂತಿರೋ ಚಿತ್ರ ಇದ್ರೆ ಅದೇ ಅಂದ್ಕೊಳ್ಳಿ.

ಒಟ್ಟು 12 ಗೊಂಬೆ. ಹುಲಿ, ಬಿಳಿ ಹುಲಿ, ಸಿಂಹ, ಸಿಂಹಿಣಿ, ಚಿರತೆ, ಕರಿ ಚಿರತೆ, ಜಾಗ್ವಾರ್, ಹಿಮಚಿರತೆ, ಚೀತಾ, ಪ್ಯೂಮಾ, ಲಿಂಕ್ಸ್, ಕೊನೆಗೆ ಒಂದು ಕತ್ತೆಕಿರುಬ (ಅದು ಇಲ್ಲೇನ್ ಮಾಡ್ತಿದೆ ಅಂತ ಕೇಳ್ಬೇಡಿ, ಮುಂದೆ ಬರ್ತೀನಿ). ಜೊತೆಗೆ ಬಟನ್ ಒತ್ತಿದ್ರೆ ಗರ್ಜಿಸೋ ಒಂದು ಸೌಂಡ್ ಪೆಟ್ಟಿಗೆ, ಒಂದು ದೊಡ್ಡ ಚಾರ್ಟು. ರೇಟು 899, ಸೇಲ್ ಟೈಮಲ್ಲಿ ಸ್ವಲ್ಪ ಕಮ್ಮಿ ಆಗತ್ತೆ. ಡಬ್ಬದ ಮೇಲೆ ಐಎಸ್ಐ ಮಾರ್ಕ್ ಇದೆ, ಅದನ್ನ ನೋಡ್ದೆ ತಗೋಬೇಡಿ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ವಾಸನೆ ಇಲ್ಲ, ನೀರಲ್ಲಿ ಹಾಕಿದ್ರೂ ಬಣ್ಣ ಬಿಡ್ಲಿಲ್ಲ, ಮೂಲೆಗಳೆಲ್ಲ ನುಣ್ಣಗಿದೆ, ನಮ್ಮ ಹುಡುಗ ಮಹಡಿ ಮೆಟ್ಟಿಲ ಮೇಲಿಂದ ಉರುಳಿಸಿದ್ದಾನೆ, ಹಿಮಚಿರತೆ ಬಾಲ ಒಂದು ಬಿಟ್ರೆ ಏನೂ ಮುರಿದಿಲ್ಲ.

ಹುಲಿ ಗೊಂಬೆ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ ಯಾಕಂದ್ರೆ ಇದನ್ನ ಮಾಡಿದೋನು ಯಾರೋ ಹುಲೀನ ನಿಜವಾಗ್ಲೂ ನೋಡಿದೋನೇ ಇರ್ಬೇಕು. ಕಿವಿ ಹಿಂದುಗಡೆ ತಿರುಗಿಸಿ ನೋಡಿ, ಕಪ್ಪು ಕಿವಿ ಮಧ್ಯ ಒಂದೊಂದು ಬಿಳಿ ಚುಕ್ಕೆ ಇಟ್ಟಿದ್ದಾರೆ, ಇದು ನಿಜವಾದ ಹುಲಿಗೂ ಇರತ್ತೆ, ಸುಮಾರು ಆಟಿಕೆಗಳಲ್ಲಿ ಅಷ್ಟೇ ಏನು ಕ್ಯಾಲೆಂಡರ್ ಚಿತ್ರಗಳಲ್ಲೂ ಇದನ್ನ ಬಿಟ್ಟಿರ್ತಾರೆ. ಯಾಕಿದೆ ಆ ಚುಕ್ಕೆ ಅಂದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಹಿಂದೆ ಬರೋ ಮರಿಗಳಿಗೆ ಗುರುತು ಸಿಗ್ಲಿ ಅಂತ, ಹಿಂದಿನಿಂದ ಬರೋರಿಗೆ ಕಣ್ಣು ಥರ ಕಾಣ್ಲಿ ಅಂತ. ಹೊಟ್ಟೆ ಕೆಳಗೆ, ಗದ್ದದ ಹತ್ರ, ಕಣ್ಣಿನ ಮೇಲೆ ಬಿಳಿ ಬಣ್ಣ ಸರಿಯಾಗಿ ಬಂದಿದೆ. ಬಾಯಿ ತೆಗೆದಿರೋ ಹುಲಿ, ಒಳಗೆ ನಾಲ್ಕು ಕೋರೆಹಲ್ಲು ನೀಟಾಗಿದೆ, ಕೋರೆ ಹಿಂದೆ ಒಂಚೂರು ಗ್ಯಾಪ್ ಕೂಡ ಬಿಟ್ಟಿದ್ದಾರೆ. ಆ ಗ್ಯಾಪ್ ಇರೋದ್ರಿಂದನೇ ಕೋರೆ ಪೂರ್ತಿ ಒಳಗೆ ಇಳಿಯೋದು. ಒಟ್ಟು 30 ಹಲ್ಲು ಹುಲಿಗೆ, ನಮ್ಮನೆ ಬೆಕ್ಕಿಗೂ 30, ಲೆಕ್ಕ ಒಂದೇ, ಸೈಜು ಮಾತ್ರ ಬೇರೆ.

ಕಾಲು ಮಾತ್ರ ಕೆಡಿಸಿದ್ದಾರೆ. ಹುಡುಗ ಹಿತ್ತಲಲ್ಲಿ ಒದ್ದೆ ಮಣ್ಣು ಸಮ ಮಾಡಿ ಅದರ ಮೇಲೆ ಹುಲಿ ಕಾಲು ಒತ್ತಿ ಹೆಜ್ಜೆಗುರುತು ಮಾಡ್ತಿದ್ದ, ನೋಡಿದ್ರೆ ಪ್ರತಿ ಬೆರಳ ಮುಂದೆನೂ ಉಗುರಿನ ತೂತು. ಫಾರೆಸ್ಟ್ ವಾಚರ್‌ಗಳು ಮೊದ್ಲು ನೋಡೋದೇ ಇದನ್ನ, ಉಗುರು ಮೂಡಿದ್ರೆ ನಾಯಿನೋ ಸೀಳುನಾಯಿನೋ ಕತ್ತೆಕಿರುಬನೋ ಇರ್ಬೇಕು, ಹುಲಿ ಚಿರತೆ ನಡಿಯುವಾಗ ಉಗುರು ಒಳಗೆ ಎಳ್ಕೊಂಡಿರತ್ತೆ, ಬರೀ ನಾಲ್ಕು ಬೆರಳು ಮತ್ತೆ ಹಿಂದುಗಡೆ ಮೂರು ಉಬ್ಬು ಇರೋ ಅಂಗಾಲು ಮೂಡತ್ತೆ ಅಷ್ಟೇ. ಮುಂಗಾಲಲ್ಲಿ ಐದು ಉಗುರಿದ್ರೂ ಐದನೇದು ಮೇಲಿರತ್ತೆ, ನೆಲಕ್ಕೆ ತಾಗಲ್ಲ. ಗೊಂಬೇಲಿ ಆ ಐದನೇದನ್ನ ಮಾತ್ರ ಸರಿಯಾಗಿ ಮೇಲೇ ಇಟ್ಟಿದ್ದಾರೆ! ಅಷ್ಟು ಗೊತ್ತಿದ್ದೋರಿಗೆ ಇದ್ಯಾಕೆ ಗೊತ್ತಾಗ್ಲಿಲ್ವೋ. ನಾನು ನೈಲ್ ಕಟರ್‌ನಲ್ಲಿ ಉಗುರುಗಳನ್ನ ಕತ್ತರಿಸಿ ಉಪ್ಪುಕಾಗದ ಹಾಕಿ ಉಜ್ಜಿ ಕೊಟ್ಟೆ, ಈಗ ಗುರುತು ಪರ್ಫೆಕ್ಟ್ ಆಗಿ ಬರ್ತಿದೆ.

ಪಟ್ಟೆ ವಿಷ್ಯಕ್ಕೆ ಬಂದ್ರೆ, ಎಡಗಡೆ ಪಟ್ಟೆಗಳನ್ನೇ ಬಲಗಡೆಗೂ ಕನ್ನಡೀಲಿ ನೋಡಿದಂಗೆ ಪ್ರಿಂಟ್ ಮಾಡಿದ್ದಾರೆ. ಮೆಷಿನ್ ಕೆಲ್ಸ, ಬೈಯ್ಯೋ ಹಾಗಿಲ್ಲ, ಆದ್ರೂ ಹುಲಿ ಬಗ್ಗೆ ಮಕ್ಕಳಿಗೆ ಹೇಳೋಕೆ ಇದಕ್ಕಿಂತ ಒಳ್ಳೆ ವಿಷ್ಯ ಇನ್ನೊಂದಿಲ್ಲ, ಒಂದೇ ಹುಲೀದು ಎರಡೂ ಪಕ್ಕ ಬೇರೆ ಬೇರೆ, ಒಂದು ಹುಲೀದು ಇನ್ನೊಂದಕ್ಕೆ ಬರಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಮ್ಮ ನಾಗರಹೊಳೇಲೇ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರಿಗೆ ಬಂದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ) ಇಟ್ಟು ಪಟ್ಟೆ ನೋಡಿ ಹುಲಿ ಎಣಿಸೋ ವಿಧಾನ ಶುರು ಮಾಡಿದ್ದು ಇದನ್ನ ನಂಬ್ಕೊಂಡೇ, ಅದಕ್ಕೇ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ ಇಡ್ತಾರೆ, ಎಡ ಬಲ ಎರಡೂ ಸಿಗ್ಲಿ ಅಂತ. ಅದಕ್ಕೂ ಮುಂಚೆ ಹೆಜ್ಜೆಗುರುತಿನ ಮೇಲೆ ಗಾಜಿಟ್ಟು ಗೆರೆ ಎಳ್ಕೊಂಡು ಇದು ಆ ಹುಲಿ ಅದು ಈ ಹುಲಿ ಅಂತ ಲೆಕ್ಕ ಹಾಕ್ತಿದ್ರು, ಒಂದೇ ಹುಲಿ ಮರಳಲ್ಲಿ ಒಂಥರಾ ಕೆಸರಲ್ಲಿ ಒಂಥರಾ ಹೆಜ್ಜೆ ಇಡತ್ತೆ ಅನ್ನೋದು ಗೊತ್ತಿದ್ರೂ. ಇನ್ನೊಂದು, ಪಟ್ಟೆ ಬರೀ ಕೂದಲಿಗಲ್ಲ, ಕೂದಲು ಬೋಳಿಸಿದ್ರೆ ಚರ್ಮದ ಮೇಲೂ ಕಾಣತ್ತೆ. ಇದನ್ನ ಹೇಳಿದ ಮೇಲೆ ನಮ್ಮ ಹುಡುಗ ಶೇವಿಂಗ್ ಸೆಟ್ ಹುಡುಕ್ತಿದ್ದ, ಪಾಪ ಬೆಕ್ಕು.

ಕಣ್ಣು. 12 ಗೊಂಬೆಗೂ ಬೆಕ್ಕಿನ ಥರ ಉದ್ದ ಗೀರು ಪಾಪೆ ಬರೆದಿದ್ದಾರೆ, ಬೆಕ್ಕಿನ ಜಾತಿ ಅಂದ್ರೆ ಗೀರು ಕಣ್ಣೇ ಅಂತ ಯಾರೋ ಡಿಸೈನರ್ ತೀರ್ಮಾನ ಮಾಡ್ಬಿಟ್ಟಿದ್ದಾನೆ. ಬಿಸಿಲಲ್ಲಿ ಮನೆ ಬೆಕ್ಕಿನ ಪಾಪೆ ಗೀರಾಗತ್ತೆ ನಿಜ, ಹುಲಿ ಸಿಂಹ ಚಿರತೆಗೆ ಬಿಸಿಲಲ್ಲೂ ದುಂಡಗೇ ಇರತ್ತೆ, ಚಿಕ್ಕದಾಗತ್ತೆ ಅಷ್ಟೇ. ಮೈಸೂರು ಝೂಗೆ ಹೋದಾಗ ಹುಲಿ ಗಾಜಿನ ಹತ್ರ ಮಲಗಿದ್ರೆ ಮಧ್ಯಾಹ್ನ ಹೊತ್ತಲ್ಲಿ ನೋಡಿ, ಗೊತ್ತಾಗತ್ತೆ (ಮಂಗಳವಾರ ಹೋಗ್ಬೇಡಿ, ರಜಾ). ಗಿಡ್ಡ ಪ್ರಾಣಿ, ನೆಲದ ಹತ್ರ ಹೊಂಚು ಹಾಕೋದಕ್ಕೆ ಗೀರು ಪಾಪೆ ಅನುಕೂಲ, ಎತ್ತರದ ಪ್ರಾಣಿಗೆ ಅದರ ಅಗತ್ಯ ಇಲ್ಲ ಅಂತ ವಿಜ್ಞಾನಿಗಳು ವಿವರಣೆ ಕೊಡ್ತಾರೆ. ಕಪ್ಪು ಪರ್ಮನೆಂಟ್ ಮಾರ್ಕರ್ ತಗೊಂಡು ಒಂದೊಂದು ಚುಕ್ಕೆ ಇಟ್ರೆ ಸರಿಹೋಗತ್ತೆ, ನಾವು ಇಟ್ವಿ.

ಈಗ ಚಾರ್ಟು. ಇಲ್ಲೇ ನಂಗೆ ಪಿತ್ತ ನೆತ್ತಿಗೇರಿದ್ದು. ಮರದ ಚಿತ್ರ ಬರೆದು ಕೊಂಬೆ ಕೊಂಬೆಗೆ ಪ್ರಾಣಿ ಕೂರಿಸಿದ್ದಾರೆ, ಹುಲಿ ಸಿಂಹ ಒಂದು ಕೊಂಬೆ, ಕೆಳಗೆ "ಅಣ್ಣ ತಮ್ಮ" ಅಂತ ಬೇರೆ ಬರೆದಿದ್ದಾರೆ. ಚುಕ್ಕೆ ಇರೋವೆಲ್ಲ ಒಂದು ಕೊಂಬೆ, ಅಂದ್ರೆ ಚಿರತೆ ಜಾಗ್ವಾರ್ ಹಿಮಚಿರತೆ ಚೀತಾ. ಬಣ್ಣ ನೋಡಿ ಬಟ್ಟೆ ಜೋಡಿಸಿದಂಗೆ ಜೋಡಿಸಿದ್ದಾರೆ ಅಷ್ಟೇ. ನಿಜ ಏನಂದ್ರೆ ಹುಲಿಗೆ ತುಂಬಾ ಹತ್ತಿರದ ನೆಂಟ ಸಿಂಹ ಅಲ್ವೇ ಅಲ್ಲ, ಹಿಮಚಿರತೆ! ಲಡಾಖು ಸ್ಪಿತಿ ಕಡೆ ಬಂಡೆ ಮೇಲೆ ಓಡಾಡ್ಕೊಂಡಿರೋ ಆ ಬೂದಿ ಬಣ್ಣದ ಬೆಕ್ಕು. 2010ರ ಹೊತ್ತಿಗೆ ಡಿಎನ್ಎ ಎಲ್ಲ ಜೋಡಿಸಿ ನೋಡಿದಾಗ ಇವೆರಡೂ ಒಂದು ಜೋಡಿ, ಸಿಂಹ ಚಿರತೆ ಜಾಗ್ವಾರ್ ಮೂರೂ ಸೇರಿ ಇನ್ನೊಂದು ಗುಂಪು ಅಂತ ಬಂತು. ಅಂದ್ರೆ ಸಿಂಹಕ್ಕೆ ಚಿರತೆ ಹತ್ರ, ಹುಲಿ ದೂರ. ಕೂದಲು ತೆಗೆದಿಟ್ರೆ ಹುಲಿ ಸಿಂಹದ ಅಸ್ಥಿಪಂಜರ ಗುರುತು ಹಿಡಿಯೋದು ಕಷ್ಟ ಅಂತಾರಲ್ಲ, ಹಂಗಿದ್ರೂ ನೆಂಟಸ್ತನ ದೂರಾನೇ. ದೊಡ್ಡ ಮೈ ಎರಡಕ್ಕೂ ಬಂದಿದೆ, ಅದನ್ನ ನೋಡಿ ನಾವು ಮೋಸ ಹೋಗ್ತೀವಿ.

ಈ ಐದು, ಹುಲಿ ಸಿಂಹ ಚಿರತೆ ಜಾಗ್ವಾರ್ ಹಿಮಚಿರತೆ, ಇಷ್ಟೇ ಪ್ಯಾಂಥೆರಾ ಅನ್ನೋ ಗುಂಪು. ಮುಂಚೆ ಹಿಂಗಿರ್ಲಿಲ್ಲ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಹೆಸರಿಡುವಾಗ ಹುಲಿ ಸಿಂಹ ಮನೆ ಬೆಕ್ಕು ಎಲ್ಲವನ್ನೂ ಫೆಲಿಸ್ ಅಂತ ಒಂದೇ ಚೀಲಕ್ಕೆ ತುಂಬಿದ್ದ, ಹುಲಿ ಆಗ ಫೆಲಿಸ್ ಟೈಗ್ರಿಸ್. 1929ರಲ್ಲಿ ಪೋಕಾಕ್ ಅನ್ನೋ ಪ್ರಾಣಿಶಾಸ್ತ್ರಜ್ಞ ಅದನ್ನ ಪ್ಯಾಂಥೆರಾಗೆ ತಂದ. ಹಿಮಚಿರತೆ ಇತ್ತೀಚಿನವರೆಗೂ ಅನ್ಸಿಯಾ ಅಂತ ಬೇರೆ ಮನೆ ಮಾಡ್ಕೊಂಡಿತ್ತು. ಈ ಐದರ ಜೊತೆ ಎರಡು ಜಾತಿ ಕ್ಲೌಡೆಡ್ ಲೆಪರ್ಡ್ (ಮೈಮೇಲೆ ಮೋಡದಂಥ ಮಚ್ಚೆ ಇರೋ ಕಾಡುಬೆಕ್ಕು) ಸೇರಿದ್ರೆ ಏಳು, ಅದು ಬೆಕ್ಕಿನ ಕುಟುಂಬದ ಒಂದು ಕವಲು. ಉಳಿದ 34 ಜಾತಿ ಇನ್ನೊಂದು ಕವಲು, ಅದರಲ್ಲಿ ಚೀತಾನೂ ಇದೆ ಪ್ಯೂಮಾನೂ ಇದೆ ನಮ್ಮನೆ ಅಡುಗೆಮನೆ ಕಟ್ಟೆ ಮೇಲೆ ಹಾಲಿಗೆ ಕಾಯ್ಕೊಂಡು ಕೂತಿರೋದೂ ಇದೆ. 2017ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಬೆಕ್ಕು ತಜ್ಞರ ಗುಂಪು ಕೊಟ್ಟ ಲೆಕ್ಕದಲ್ಲಿ ಒಟ್ಟು 41. ಇಷ್ಟನ್ನ ಚಾರ್ಟಲ್ಲಿ ಹಾಕೋಕೆ ಏನ್ ಕಷ್ಟ ಇತ್ತು ಹೇಳಿ, ಜಾಗ ಬೇಕಾದಷ್ಟಿದೆ, ಮಧ್ಯ ಪೂರ್ತಿ ಒಂದು ಸೂರ್ಯಾಸ್ತದ ಫೋಟೋ ಹಾಕಿದ್ದಾರೆ.

ಸೌಂಡ್ ಪೆಟ್ಟಿಗೆ ಕಥೆ ಕೇಳಿ. 12 ಬಟನ್, ಒತ್ತಿದ್ರೆ ಹತ್ತಕ್ಕೆ ಒಂದೇ ಗರ್ಜನೆ, ಅದೂ ಸಿಂಹದ್ದು. ಹಿಮಚಿರತೆ ಬಟನ್ ಒತ್ತಿದ್ರೂ ಮನೆ ಅದುರೋ ಹಾಗೆ ಗರ್ಜಿಸತ್ತೆ. ಹಿಮಚಿರತೆಗೆ ಗರ್ಜಿಸೋಕೆ ಬರೋದೇ ಇಲ್ಲ ಕಣ್ರೀ, ಗಂಟಲಿನ ಧ್ವನಿತಂತು ಉಳಿದ ನಾಲ್ಕರ ಥರ ದಪ್ಪ ಬೆಳೆದಿಲ್ಲ. ಹುಲಿ ಗರ್ಜನೆ ಕೂಡ ಸಿಂಹದ ಥರ ಇರಲ್ಲ, ಕಾಡಂಚಲ್ಲಿ ಇರೋರು ಕೇಳಿರ್ತೀರಿ, ರಾತ್ರಿ ಹೊತ್ತು ಆ...ಊಂ ಅಂತ ಎಳೆದು ಬಿಡತ್ತೆ, ಗಾಳಿ ಅನುಕೂಲ ಇದ್ರೆ ಎರಡು ಮೂರು ಕಿಲೋಮೀಟರ್ ಕೇಳತ್ತೆ. ಚಿರತೆದು ಬೇರೆ, ಕೆಮ್ಮಿದಂಗೆ ಬಿಟ್ಟು ಬಿಟ್ಟು ಒಂದೇ ಲಯದಲ್ಲಿ ಬರತ್ತೆ. ಹುಲಿ ಇನ್ನೊಂದು ಸದ್ದು ಮಾಡತ್ತೆ, ಬಾಯಿ ಮುಚ್ಕೊಂಡು ಮೂಗಲ್ಲಿ ಫ್ರ್ ಫ್ರ್ ಫ್ರ್ ಅಂತ, ಪರಿಚಯದೋರಿಗೆ ನಮಸ್ಕಾರ ಹೇಳೋ ಸದ್ದು ಅದು, ತಾಯಿ ಮರಿ ನಡುವೆ ಜಾಸ್ತಿ, ಝೂಗಳಲ್ಲಿ ಊಟ ಕೊಡೋ ಕೀಪರ್‌ಗೂ ಮಾಡತ್ತೆ. ಹಿಮಚಿರತೆನೂ ಹಿಂಗೇ ಮಾಡತ್ತೆ, ಕ್ಲೌಡೆಡ್ ಲೆಪರ್ಡೂ ಮಾಡತ್ತೆ, ಸಿಂಹ ಚಿರತೆ ಮಾಡಲ್ಲ! ಡಿಎನ್ಎ ಗಿಎನ್ಎ ಏನೂ ಬೇಡ, ಇದೊಂದು ಸದ್ದು ಆ ಪೆಟ್ಟಿಗೇಲಿ ಹಾಕಿದ್ರೆ ಚಾರ್ಟ್ ತಪ್ಪು ಅಂತ ಮಕ್ಕಳೇ ಹೇಳ್ತಿದ್ರು. ಉಳಿದ ಎರಡು ಬಟನ್, ಲಿಂಕ್ಸು ಮಿಯಾಂವ್ ಅನ್ನತ್ತೆ, ಕತ್ತೆಕಿರುಬ ನಗತ್ತೆ. ನಗೋದು ಆಫ್ರಿಕಾದ ಚುಕ್ಕೆ ಕತ್ತೆಕಿರುಬ, ಗೊಂಬೆ ಇರೋದು ಪಟ್ಟೆ ಕತ್ತೆಕಿರುಬ. ಇರ್ಲಿ ಬಿಡಿ.

ಬಿಳಿ ಹುಲಿ ಕರಿ ಚಿರತೆ ಎರಡಕ್ಕೂ ಬೇರೆ ಬೇರೆ ಕೊಂಬೆ ಕೊಟ್ಟಿದ್ದಾರೆ, "ಅಪರೂಪದ ಜಾತಿ" ಅಂತ ಲೇಬಲ್ಲು. ಎರಡೂ ಜಾತಿ ಅಲ್ಲ. ಬಿಳಿ ಹುಲಿ ಅಂದ್ರೆ ನಮ್ಮ ಮಾಮೂಲಿ ಹುಲೀನೇ, ಒಂದು ಜೀನ್ ಕೆಟ್ಟಿರತ್ತೆ, ಹಳದಿ ಬಣ್ಣ ಬರಲ್ಲ, ಅಪ್ಪ ಅಮ್ಮ ಇಬ್ಬರ ಕಡೆಯಿಂದನೂ ಆ ಕೆಟ್ಟ ಕಾಪಿನೇ ಬಂದ್ರೆ ಮರಿ ಬಿಳಿ. 1951ರಲ್ಲಿ ಮಧ್ಯಪ್ರದೇಶದ ರೇವಾ ಮಹಾರಾಜ ಮಾರ್ತಾಂಡ ಸಿಂಗ್ ಕಾಡಲ್ಲಿ ಹಿಡಿಸಿದ ಮೋಹನ್ ಅನ್ನೋ ಮರಿಯಿಂದಲೇ ಝೂಗಳ ಬಹುಪಾಲು ಬಿಳಿ ಹುಲಿ ಸಂತಾನ ಬೆಳೆದಿದ್ದು, ಬಣ್ಣ ಉಳೀಬೇಕು ಅಂತ ಮೋಹನನಿಗೆ ಅವನ ಮಗಳನ್ನೇ ಜೋಡಿ ಮಾಡಿದ್ರು, ಹಂಗೆ ಒಳಗೊಳಗೇ ಮಾಡಿ ಮಾಡಿ ಮೆಳ್ಳೆಗಣ್ಣು ಮತ್ತಿನ್ನೇನೇನೋ ತೊಂದ್ರೆ ಬಂದ್ವು. ಜನ ಕ್ಯೂ ನಿಂತು ನೋಡ್ತಾರೆ ಅಂತ ಇಷ್ಟೆಲ್ಲ, ನಂಗೇನೋ ಅದನ್ನ ನೋಡೋಕೆ ಖುಷಿ ಆಗಲ್ಲ. ಕರಿ ಚಿರತೆನೂ ಅಷ್ಟೇ, ಕಬಿನಿ ಹಿನ್ನೀರಿನ ಕಡೆ ಜನ ಕ್ಯಾಮೆರಾ ಹಿಡ್ಕೊಂಡು ಕಾಯೋ ಆ ಕರಿಯನೂ ಮಾಮೂಲಿ ಚಿರತೇನೇ, ಬಿಸಿಲಲ್ಲಿ ಓರೆಯಾಗಿ ನೋಡಿದ್ರೆ ಮೈಮೇಲಿನ ಚುಕ್ಕೆಗಳು ಕಾಣ್ತವೆ. ಗೊಂಬೇಲಿ ಚುಕ್ಕೆ ಇಲ್ಲ, ಬೂಟ್ ಪಾಲಿಶ್ ಬಣ್ಣ ಅಷ್ಟೇ.

ಬಣ್ಣದ ವಿಷ್ಯದಲ್ಲಿ ಚಾರ್ಟಿಗೆ ಹಾಕ್ಬೇಕಿದ್ದ ಒಂದು ಸಂಗತಿ ಬೆಂಗಳೂರಲ್ಲೇ ಇತ್ತು. ಒಡಿಶಾದ ಸಿಮಿಲಿಪಾಲ್‌ನಲ್ಲಿ ಪಟ್ಟೆಗಳು ಅಗಲ ಆಗಿ ಒಂದಕ್ಕೊಂದು ಕೂಡ್ಕೊಂಡು ಕರ್ರಗೆ ಕಾಣೋ ಹುಲಿಗಳಿವೆಯಲ್ಲ, ಅದಕ್ಕೆ ಕಾರಣ ಏನು ಅಂತ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಕಂಡುಹಿಡೀತು, ಟ್ಯಾಕ್‌ಪೆಪ್ ಅನ್ನೋ ಒಂದು ಜೀನು. ಮಜಾ ಏನಂದ್ರೆ ಅದೇ ಜೀನು ಕೆಟ್ರೆ ಚೀತಾದ ಮೈಮೇಲಿನ ಚುಕ್ಕೆಗಳು ಕೂಡ್ಕೊಂಡು ಕಿಂಗ್ ಚೀತಾ ಆಗತ್ತೆ, ಮನೆ ಬೆಕ್ಕಲ್ಲಿ ಕೆಟ್ರೆ ಸಣ್ಣ ಪಟ್ಟೆ ಹೋಗಿ ಮೈ ಮೇಲೆ ದೊಡ್ಡ ದೊಡ್ಡ ಸುರುಳಿ ಬರತ್ತೆ. ಹುಲಿ, ಚೀತಾ, ಬೀದಿ ಬೆಕ್ಕು, ಮೂರಕ್ಕೂ ಮೈಮೇಲೆ ರಂಗೋಲಿ ಹಾಕೋದು ಒಂದೇ ಜೀನು. ಹುಲಿ ಬೆಕ್ಕಿನ ಜಾತಿ ಅನ್ನೋದಕ್ಕೆ ಇದಕ್ಕಿಂತ ಇನ್ನೇನ್ ಸಾಕ್ಷಿ ಬೇಕು. 2013ರಲ್ಲಿ ಹುಲಿಯ ಜೀನೋಮ್, ಅಂದ್ರೆ ಪೂರ್ತಿ ಡಿಎನ್ಎ, ಓದಿದಾಗ ಮನೆ ಬೆಕ್ಕಿನ ಜೊತೆ 95.6% ಹೋಲಿಕೆ ಇದೆ ಅಂತ ಬಂದಿತ್ತು. ಎರಡೂ ಕವಲು ಬೇರೆ ಆಗಿ ಒಂದು ಕೋಟಿ ವರ್ಷದ ಮೇಲಾಗಿದೆ, ಆದ್ರೂ ಅಷ್ಟು.

ಚಿರತೆ ಜಾಗ್ವಾರ್ ಎರಡೂ ಒಂದೇ ಮೋಲ್ಡು ಒಂದೇ ಪೇಂಟು, ಹೊಟ್ಟೆ ಮೇಲೆ ಹೆಸರು ಕೆತ್ತಿರೋದನ್ನ ಓದಿದ್ರೇನೇ ಯಾವುದು ಯಾವುದು ಅಂತ ಗೊತ್ತಾಗೋದು. ದಯವಿಟ್ಟು ಇದನ್ನ ಸರಿ ಮಾಡಿ. ಜಾಗ್ವಾರ್ ಅಮೆರಿಕ ಕಡೇದು, ಮೆಕ್ಸಿಕೋದಿಂದ ಅರ್ಜೆಂಟೀನಾವರೆಗೆ, ಗಿಡ್ಡ ಕಾಲು ದಪ್ಪ ತಲೆ, ಹೂವಿನಂಥ ಚುಕ್ಕೆಯ ಒಳಗಡೆ ಮತ್ತೆ ಸಣ್ಣ ಚುಕ್ಕೆ ಇರತ್ತೆ, ಚಿರತೆಗೆ ಒಳಗೆ ಖಾಲಿ. ತೆಳು ಬ್ರಷ್ಷಲ್ಲಿ ಅರ್ಧ ಗಂಟೆ ಕೂತ್ರೆ ಮನೇಲೇ ಹಾಕ್ಬಹುದು. ಸಿಂಹ ಸಿಂಹಿಣಿ ಓಕೆ, ಬಾಲದ ತುದೀಲಿ ಕುಚ್ಚು ಇದೆ, ಬೆಕ್ಕಿನ ಜಾತೀಲಿ ಕುಚ್ಚು ಇರೋದು ಸಿಂಹಕ್ಕೊಂದೇ. ಹಿಮಚಿರತೆ ಬಾಲ ಡಬ್ಬಕ್ಕೆ ಹಿಡಿಸ್ಲಿ ಅಂತ ಮೊದ್ಲೇ ಮೊಟಕು ಮಾಡಿದ್ದಾರೆ, ಮೈ ಉದ್ದಕ್ಕೆ ಹೆಚ್ಚುಕಮ್ಮಿ ಸಮ ಇರ್ಬೇಕಾದ ಬಾಲ ಅದು, ಇಳಿಜಾರಲ್ಲಿ ಬ್ಯಾಲೆನ್ಸಿಗೂ ಅದೇ, ಚಳಿಗೆ ಮುಖಕ್ಕೆ ಹೊದ್ದು ಮಲಗೋಕೂ ಅದೇ. ನಮ್ಮದ್ರಲ್ಲಿ ಆ ಮೊಟಕು ಬಾಲನೂ ಮೆಟ್ಟಿಲಲ್ಲಿ ಹೋಯ್ತು.

ಚೀತಾ ಗೊಂಬೆ ಹುಲಿಯಷ್ಟೇ ಎತ್ತರ ಇದೆ, ಪ್ರಮಾಣದ ಚಿಂತೆ ಇವ್ರಿಗಿಲ್ಲ. ಗಂಡು ಹುಲಿ 200 ಕೆಜಿ ದಾಟತ್ತೆ, ಚೀತಾ 50ರ ಆಸುಪಾಸು. ಕಣ್ಣಿಂದ ಬಾಯಿತನಕ ಇಳಿಯೋ ಕಪ್ಪು ಗೆರೆ ಹಾಕಿದ್ದಾರೆ, ಅದಕ್ಕೆ ಶಭಾಷ್. ಆದ್ರೆ ಚೀತಾನ ಚಿರತೆ ಪಕ್ಕ ಕೂರಿಸಿರೋದು ಪೂರ್ತಿ ತಪ್ಪು, ಅದರ ಹತ್ತಿರದ ನೆಂಟ ಪ್ಯೂಮಾ, ಇನ್ನೊಂದು ಜಾಗ್ವಾರುಂಡಿ ಅಂತ ದಕ್ಷಿಣ ಅಮೆರಿಕದ ಚಿಕ್ಕ ಬೆಕ್ಕು. ಚೀತಾ ಗರ್ಜಿಸಲ್ಲ, ಮನೆ ಬೆಕ್ಕಿನ ಥರ ಗುರುಗುರು ಅನ್ನತ್ತೆ. ಪ್ಯೂಮಾನೂ ಅಷ್ಟೇ, ಚಿರತೆಯಷ್ಟು ತೂಗಿದ್ರೂ ಸಣ್ಣ ಬೆಕ್ಕುಗಳ ಕವಲಿಗೇ ಸೇರಿದ್ದು. ಭಾರತದಲ್ಲಿ ಚೀತಾ ಮುಗೀತು ಅಂತ 1952ರಲ್ಲಿ ಸರ್ಕಾರ ಹೇಳ್ತು, 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8 ಚೀತಾ ಮಧ್ಯಪ್ರದೇಶದ ಕುನೋ ಕಾಡಿಗೆ ತಂದ್ರು. ಚಾರ್ಟಲ್ಲಿ ಇನ್ನೂ "ಆಫ್ರಿಕಾದಲ್ಲಿ ಮಾತ್ರ" ಅಂತಿದೆ. ಅದು ಬಿಡಿ, ಇರಾನಲ್ಲಿ ಕೈಬೆರಳೆಣಿಕೆಯಷ್ಟು ಏಷ್ಯಾದ ಚೀತಾಗಳು ಮೊದಲಿಂದಲೂ ಇದಾವೆ.

ಕತ್ತೆಕಿರುಬ. ಯಾಕೆ ಹಾಕಿದ್ರು ಅಂದ್ರೆ ನನ್ನ ಊಹೆ, ಪಟ್ಟೆ ಇದೆ ಅಂತ. ಬೆಕ್ಕಿನ ಕುಟುಂಬ ಅಲ್ಲ ಅದು, ಅದರದ್ದೇ ಬೇರೆ ಕುಟುಂಬ. ನಾಯಿ ಅಂತ ಕೂಡ ಹೇಳೋಕಾಗಲ್ಲ, ಇನ್ನೂ ಮೇಲೆ ಹೋದ್ರೆ ಮುಂಗುಸಿ ಪುನುಗುಬೆಕ್ಕು ಬೆಕ್ಕು ಎಲ್ಲಾ ಇರೋ ಕಡೆಗೇ ಸೇರತ್ತೆ, ಹಂಗಂತ ಬಿಗ್ ಕ್ಯಾಟ್ ಡಬ್ಬಕ್ಕೆ ಹಾಕೋದಾ? ನಮ್ಮ ಕೊಪ್ಪಳ ಕಡೆ ಬಂಡೆಗುಡ್ಡಗಳಲ್ಲಿರೋ ಪ್ರಾಣಿ ಅಂತ ಒಂದು ಖುಷಿ ಅಷ್ಟೇ. ಅದರ ಜಾಗದಲ್ಲಿ ಕ್ಲೌಡೆಡ್ ಲೆಪರ್ಡ್ ಇರ್ಬೇಕಿತ್ತು, ಮೇಘಾಲಯದ ರಾಜ್ಯಪ್ರಾಣಿ, ಮೈ ಗಾತ್ರಕ್ಕೆ ಹೋಲಿಸಿದ್ರೆ ಈಗಿರೋ ಬೆಕ್ಕುಗಳಲ್ಲೆಲ್ಲ ಉದ್ದ ಕೋರೆ ಅದಕ್ಕೇ. ಚಾರ್ಟಿನ ಮೂಲೇಲಿ ಕೋರೆಹಲ್ಲಿನ ಸ್ಮೈಲೊಡಾನ್ ಚಿತ್ರ ಹಾಕಿ "ಹುಲಿಯ ಪೂರ್ವಜ" ಅಂತ ಬೇರೆ ಬರೆದಿದ್ದಾರೆ, ಅದು ಹುಲಿಯ ಪೂರ್ವಜನೂ ಅಲ್ಲ ಹುಲಿನೂ ಅಲ್ಲ, ಅಮೆರಿಕದಲ್ಲಿ ಸುಮಾರು 10,000 ವರ್ಷದ ಹಿಂದೆ ಪೂರ್ತಿ ಅಳಿದುಹೋದ ಬೇರೆಯದೇ ಕವಲು, ಅದಕ್ಕೆ ವಂಶನೇ ಉಳಿದಿಲ್ಲ.

ಚಾರ್ಟಿನ ಹಿಂದುಗಡೆ ಮ್ಯಾಪ್ ಇದೆ. ಹುಲಿ ಇರೋ ಜಾಗ ಅಂತ ಆಫ್ರಿಕಾ ಅರ್ಧಕ್ಕೆ ಕಿತ್ತಳೆ ಬಣ್ಣ ಬಳಿದಿದ್ದಾರೆ. ಆಫ್ರಿಕಾದ ಕಾಡಲ್ಲಿ ಹುಲಿ ಇರ್ಲೇ ಇಲ್ಲ, ಇವತ್ತೂ ಇಲ್ಲ, ಪೂರ್ತಿ ಏಷ್ಯಾದ ಪ್ರಾಣಿ, ರಷ್ಯಾದ ಹಿಮದಿಂದ ಸುಮಾತ್ರಾ ಕಾಡಿನವರೆಗೆ. ಕ್ಯಾಸ್ಪಿಯನ್ ಸಮುದ್ರದ ಹತ್ರ, ಜಾವಾದಲ್ಲಿ, ಬಾಲಿಯಲ್ಲಿ ಇದ್ದಿದ್ದು ಕಳೆದ ಶತಮಾನದಲ್ಲಿ ನಿರ್ನಾಮ ಆಯ್ತು. ಒಂಬತ್ತು ಉಪಜಾತಿ ಅಂತ ಚಾರ್ಟು ಹೇಳತ್ತೆ, ಹಳೇ ಲೆಕ್ಕ ಅದು, ಐಯುಸಿಎನ್ ಗುಂಪಿನ ಅದೇ 2017ರ ಪಟ್ಟೀಲಿ ಎರಡೇ, ಏಷ್ಯಾ ನೆಲದ್ದು ಒಂದು, ಸುಮಾತ್ರಾ ಜಾವಾ ಬಾಲಿ ಕಡೇದು ಒಂದು. 2018ರಲ್ಲಿ ಜೀನೋಮ್ ನೋಡಿದೋರು ಇಲ್ಲ ಆರು ಅಂದ್ರು, ಜಗಳ ಇನ್ನೂ ನಡೀತಿದೆ, ಇದಕ್ಕೆ ನಾನು ಕಂಪನೀನ ಬೈಯಲ್ಲ. ಭಾರತ ಅನ್ನೋ ಕಡೆ ಬರೀ ರಾಜಸ್ಥಾನದ ರಣಥಂಬೋರ್‌ಗೆ ಚುಕ್ಕೆ ಇಟ್ಟಿದ್ದಾರೆ, ಅದಕ್ಕೆ ಬೈತೀನಿ. 2022ರ ಗಣತೀಲಿ ದೇಶದಲ್ಲಿ ಸರಾಸರಿ 3,682 ಹುಲಿ, ಮಧ್ಯಪ್ರದೇಶ 785, ಅದರ ನಂತ್ರ ನಾವೇ, 563. ಬಂಡೀಪುರ 1973ರಲ್ಲಿ ಪ್ರಾಜೆಕ್ಟ್ ಟೈಗರ್ ಶುರುವಾದಾಗ ಇದ್ದ ಮೊದಲ ಒಂಬತ್ತರಲ್ಲಿ ಒಂದು. ಕನ್ನಡದಲ್ಲಿ ಚಾರ್ಟು ಪ್ರಿಂಟ್ ಮಾಡ್ಸಿ ಬಂಡೀಪುರ ನಾಗರಹೊಳೆ ಭದ್ರಾ ಕಾಳಿ ಬಿಆರ್‌ಟಿ ಒಂದನ್ನೂ ಹಾಕಿಲ್ಲ ಅಂದ್ರೆ ಯಾರೋ ಮೆಷಿನ್ನಲ್ಲಿ ಕನ್ನಡ ಮಾಡ್ಸಿದ್ದಾರೆ ಅಂತ ಅರ್ಥ. "ಹುಲಿ ಒಂದು ಒಂಟಿತನದ ಬೇಟೆಗಾರ" ಅಂತ ಒಂದು ಸಾಲಿದೆ, ಪಾಪ ಹುಲಿಗೆ ಮದುವೆ ಮಾಡ್ಸಿ ಅನ್ನೋ ಹಂಗಿದೆ.

ನನ್ನ ಕೇಳಿದ್ರೆ ಬಿಳಿ ಹುಲಿ, ಕತ್ತೆಕಿರುಬ, ಡಬಲ್ ಆಗಿರೋ ಜಾಗ್ವಾರ್ ತೆಗೆದು ನಮ್ಮ ಕಡೆ ಸಣ್ಣ ಬೆಕ್ಕುಗಳನ್ನ ಹಾಕ್ಬೇಕು. ಕಬ್ಬಿನ ಗದ್ದೆ ಕೆರೆ ಏರಿ ಕಡೆ ಓಡಾಡೋ ಕಾಡುಬೆಕ್ಕು ಇದೆ, ಮನೆ ಬೆಕ್ಕಿಗೆ ಅದಕ್ಕಿಂತ ಹತ್ತಿರದೋರು ನಮ್ಮೂರಲ್ಲಿ ಬೇರೆ ಇಲ್ಲ, ಕೊಡಗಿನ ಕಾಫಿ ತೋಟಗಳಲ್ಲಿ ಚಿರತೆ ಬೆಕ್ಕು ಇದೆ, ಒಂದೂವರೆ ಕೆಜಿ ಆಸುಪಾಸು ಅಷ್ಟೇ ತೂಗೋ ತುಕ್ಕು ಚುಕ್ಕೆ ಬೆಕ್ಕು ಇದೆ, ಪ್ರಪಂಚದಲ್ಲೇ ಅತಿ ಚಿಕ್ಕ ಬೆಕ್ಕುಗಳಲ್ಲಿ ಅದೂ ಒಂದು. ಪ್ರಪಂಚದ ಅತಿ ದೊಡ್ಡ ಬೆಕ್ಕೂ ಅತಿ ಚಿಕ್ಕದ್ರಲ್ಲಿ ಒಂದೂ ಒಂದೇ ಕರ್ನಾಟಕದಲ್ಲಿ ಇರುವಾಗ ಲಿಂಕ್ಸ್ ತಗೊಂಡು ಏನ್ ಮಾಡೋದು. ಚನ್ನಪಟ್ಟಣದೋರು ಯಾರಾದ್ರೂ ಓದ್ತಿದ್ರೆ ಮರದಲ್ಲಿ ಮಾಡಿ ಕೊಡಿ, ದುಡ್ಡು ಜಾಸ್ತಿ ಆದ್ರೂ ತಗೋತೀವಿ.

ಡೆಲಿವರಿ ಬೇಗ ಬಂತು, ಡಬ್ಬ ಒಂದು ಮೂಲೆ ಜಜ್ಜಿತ್ತು. ಚಾರ್ಟಿನ ತಪ್ಪುಗಳನ್ನೆಲ್ಲ ಫೋಟೋ ತೆಗೆದು ಸೆಲ್ಲರ್‌ಗೆ ಮೆಸೇಜ್ ಹಾಕಿದೆ, "ಡಿಯರ್ ಕಸ್ಟಮರ್ ನಿಮಗೆ ಬಂದಿರೋ ಪೀಸ್ ಒಡೆದಿದ್ಯಾ" ಅಂತ ಕೇಳಿದ್ರು, ಪೀಸ್ ಅಲ್ಲ ಸ್ವಾಮಿ ಮಾಹಿತಿ ಅಂದೆ, 50 ರೂಪಾಯಿ ಕೂಪನ್ ಕಳಿಸಿದ್ರು. ಒಟ್ಟು ಮೂರು ಸ್ಟಾರ್ ಕೊಡ್ತೀನಿ, ಅದರಲ್ಲಿ ಎರಡು ಹುಲಿಯ ಕಿವಿಗೆ. ಐದು ವರ್ಷದ ಮೇಲಿನ ಮಕ್ಕಳಿಗೆ ಆರಾಮಾಗಿ ಕೊಡ್ಬಹುದು, ಚಿಕ್ಕೋರಿದ್ರೆ ಹಿಮಚಿರತೆ ಬಾಲ ಬಾಯಿಗೆ ಹಾಕ್ಕೋತಾರೆ ಹುಷಾರು. ಸೌಂಡ್ ಪೆಟ್ಟಿಗೆಗೆ ಪೆನ್ಸಿಲ್ ಸೆಲ್ ಮೂರು ಬೇಕು, ಡಬ್ಬದಲ್ಲಿ ಕೊಟ್ಟಿರಲ್ಲ, ಮನೇಲಿ ವಯಸ್ಸಾದೋರು ಮಧ್ಯಾಹ್ನ ಮಲಗೋ ಅಭ್ಯಾಸ ಇದ್ರೆ ನೀವೂ ತಂದು ಹಾಕೋಕೆ ಹೋಗ್ಬೇಡಿ.